ಒಡೆಯನೇ ತೀರಿಸಿದ ಋಣ: ಯೋಧನಿಗೆ ಕ್ರೈಸ್ತ ಧರ್ಮ ಹೇಳುವ ಸಾಂತ್ವನ

ಕೊಲ್ಲುವುದಕ್ಕೂ ಸಾಯುವುದಕ್ಕೂ ಸಿದ್ಧನಾಗಿ ನಿಲ್ಲಬೇಕಾದ ಸೈನಿಕನಿಗೆ, ಶತ್ರುವನ್ನೂ ಪ್ರೀತಿಸಬೇಕೆಂದು ಬೋಧಿಸಿದ ಯೇಸುವಿನ ಹೆಸರಿನಲ್ಲಿ ಯಾವ ಭರವಸೆಯನ್ನು ಕೊಡಲು ಸಾಧ್ಯ ಎಂಬ ಪ್ರಶ್ನೆ ಹೆಚ್ಚುಕಡಿಮೆ ಕ್ರೈಸ್ತ ಧರ್ಮದಷ್ಟೇ ಹಳೆಯದು. ಈ ಪ್ರಶ್ನೆಗೆ ಎರಡು ಸಾವಿರ ವರ್ಷಗಳಲ್ಲಿ ಬಂದ ಉತ್ತರಗಳು ಒಂದೇ ಬಗೆಯವಲ್ಲ. ಸೈನ್ಯವನ್ನು ಬಿಟ್ಟು ಬಾ ಎಂದು ಕರೆದವರಿದ್ದಾರೆ, ಯುದ್ಧವನ್ನೇ ಪುಣ್ಯಕಾರ್ಯವೆಂದು ಸಾರಿದವರಿದ್ದಾರೆ, ಇವೆರಡರ ನಡುವೆ ನಿಂತು ಗಾಯಗೊಂಡವನ ಕೈ ಹಿಡಿದು ದೇವರ ಪ್ರೀತಿ ನಿನ್ನನ್ನು ಕೈಬಿಟ್ಟಿಲ್ಲ ಎಂದಷ್ಟೇ ಹೇಳಿದವರೂ ಇದ್ದಾರೆ. ಈ ಮೂರನೆಯ ಮಾತು ಎಲ್ಲಿಂದ ಹುಟ್ಟಿತು, ಯಾವ ಸಂದರ್ಭಗಳಲ್ಲಿ ಗಟ್ಟಿಯಾಯಿತು, ಯಾವಾಗ ದಾರಿ ತಪ್ಪಿತು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕನ್ನಡದ ಓದುಗರಿಗೆ ಈ ವಿಚಾರವನ್ನು ಹೊಗಲು ಒಂದು ಹಳೆಯ ಬಾಗಿಲಿದೆ. ಒಡೆಯನು ಕೊಟ್ಟ ಅನ್ನದ ಋಣವನ್ನು ರಣರಂಗದಲ್ಲಿ ಪ್ರಾಣ ಕೊಟ್ಟು ತೀರಿಸುವ ಧರ್ಮವನ್ನು ಹಳಗನ್ನಡವು ಜೋಳವಾಳಿ ಎಂದು ಕರೆಯಿತು. ಪಂಪನ ಕಾವ್ಯದಲ್ಲಿಯೂ ನಾಡಿನುದ್ದಕ್ಕೂ ನಿಂತಿರುವ ವೀರಗಲ್ಲುಗಳಲ್ಲಿಯೂ ಈ ಭಾವನೆ ಉಸಿರಾಡುತ್ತದೆ. ಅಲ್ಲಿ ತ್ಯಾಗದ ದಿಕ್ಕು ಆಳಿನಿಂದ ಅರಸನ ಕಡೆಗೆ ಹರಿಯುತ್ತದೆ, ಸತ್ತ ವೀರನಿಗೆ ಸ್ವರ್ಗವು ಪ್ರತಿಫಲವಾಗಿ ದೊರೆಯುತ್ತದೆ. ಕ್ರೈಸ್ತ ಸಾಂತ್ವನದ ತಿರುಳು ಈ ದಿಕ್ಕನ್ನು ತಿರುವುಮುರುವು ಮಾಡುತ್ತದೆ: ಇಲ್ಲಿ ಆಳಿಗಾಗಿ ಪ್ರಾಣ ಕೊಟ್ಟವನು ಒಡೆಯನು, ತೀರಿದ್ದು ಆಳಿನ ಋಣ. ಈ ದಿಕ್ಕನ್ನು ಉಳಿಸಿಕೊಂಡಾಗಲೆಲ್ಲ ಸಾಂತ್ವನವು ಸಾಂತ್ವನವಾಗಿ ಉಳಿದಿದೆ. ದಿಕ್ಕು ತಪ್ಪಿದಾಗ ಅದು ಯುದ್ಧದ ಪ್ರಚಾರವಾಗಿ ಮಾರ್ಪಟ್ಟಿದೆ ಎಂಬುದನ್ನು ಮುಂದಿನ ಇತಿಹಾಸವು ಮತ್ತೆ ಮತ್ತೆ ತೋರಿಸುತ್ತದೆ.

ಮೂಲಪಾಠದಲ್ಲಿ ಸೈನಿಕರು

ಕ್ರೈಸ್ತರ ಧರ್ಮಗ್ರಂಥದ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯಲ್ಲಿ ಸೈನಿಕರು ಅಂಚಿನಲ್ಲಿ ಬಂದುಹೋಗುವ ಪಾತ್ರಗಳಲ್ಲ. ಲೂಕನ ಸುವಾರ್ತೆಯ 3ನೆಯ ಅಧ್ಯಾಯದಲ್ಲಿ ತಾವೇನು ಮಾಡಬೇಕೆಂದು ಕೇಳಲು ಬಂದ ಸೈನಿಕರಿಗೆ ಸ್ನಾನಿಕ ಯೋಹಾನನು ಯಾರನ್ನೂ ಸುಲಿಯಬಾರದು, ಬರುವ ಸಂಬಳದಲ್ಲಿ ತೃಪ್ತರಾಗಿರಬೇಕು ಎಂದು ಬುದ್ಧಿ ಹೇಳುತ್ತಾನೆ. ವೃತ್ತಿಯನ್ನು ತೊರೆಯಲು ಹೇಳುವುದಿಲ್ಲ, ಅದನ್ನು ಕೊಂಡಾಡುವುದೂ ಇಲ್ಲ. ಕಪೆರ್ನೌಮ ಎಂಬ ಊರಿನಲ್ಲಿ ನೂರು ಮಂದಿಯ ಮೇಲಿನ ದಳಪತಿಯಾಗಿದ್ದ ಶತಾಧಿಪತಿಯೊಬ್ಬನು, ತನ್ನ ಆಳನ್ನು ಗುಣಪಡಿಸಲು ಯೇಸು ತನ್ನ ಮನೆಯವರೆಗೆ ಬರುವಷ್ಟು ಯೋಗ್ಯತೆ ತನಗಿಲ್ಲವೆಂದು ಹೇಳಿ ಕಳುಹಿಸಿದಾಗ, ಅಂಥ ನಂಬಿಕೆಯನ್ನು ಇಸ್ರಾಯೇಲಿನಲ್ಲಿಯೂ ಕಂಡಿಲ್ಲವೆಂದು ಯೇಸು ಮೆಚ್ಚಿಕೊಳ್ಳುತ್ತಾನೆ. ಯೆಹೂದ್ಯರಲ್ಲದವರ ನಡುವೆ ಸುವಾರ್ತೆ ಹಬ್ಬುವ ಮಹತ್ತರ ತಿರುವಿನಲ್ಲಿ, ಅಪೊಸ್ತಲರ ಕೃತ್ಯಗಳ 10ನೆಯ ಅಧ್ಯಾಯದಲ್ಲಿ, ಪೇತ್ರನು ಕಾಲಿಡುವುದು ಕೊರ್ನೇಲ್ಯನೆಂಬ ಇನ್ನೊಬ್ಬ ಶತಾಧಿಪತಿಯ ಮನೆಗೆ.

ಎಲ್ಲಕ್ಕಿಂತ ಗಾಢವಾದ ಪ್ರಸಂಗವು ಶಿಲುಬೆಯ ಬುಡದಲ್ಲಿ ನಡೆಯುತ್ತದೆ. ಯೇಸುವಿನ ಕೈಕಾಲುಗಳಿಗೆ ಮೊಳೆ ಹೊಡೆದವರು ಆಜ್ಞೆಯನ್ನು ಪಾಲಿಸುತ್ತಿದ್ದ ಸೈನಿಕರು. ಅವರು ತಾವು ಮಾಡುತ್ತಿರುವುದೇನೆಂದು ಅರಿಯದವರಾದುದರಿಂದ ಅವರನ್ನು ಕ್ಷಮಿಸಬೇಕೆಂದು ಯೇಸು ತಂದೆಯನ್ನು ಬೇಡಿಕೊಂಡನೆಂದು ಲೂಕನು ಹೇಳುತ್ತಾನೆ. ಮಾರ್ಕನ ಸುವಾರ್ತೆಯಲ್ಲಿ, ಆ ಮರಣವನ್ನು ಎದುರು ನಿಂತು ನೋಡಿ ಸತ್ತವನು ದೇವಪುತ್ರನೆಂದು ಒಪ್ಪಿಕೊಂಡ ಮೊದಲ ಮನುಷ್ಯನು ಆ ಕಾವಲಿನ ಮುಖ್ಯಸ್ಥನಾದ ಶತಾಧಿಪತಿಯೇ. ಯುದ್ಧದಲ್ಲಿ ಮಾಡಬಾರದ್ದನ್ನು ಮಾಡಿದೆನೆಂಬ ಭಾರವನ್ನು ಹೊತ್ತವರಿಗೆ ಕ್ರೈಸ್ತ ಬೋಧಕರು ಈ ಪ್ರಸಂಗವನ್ನು ಮುಂದಿಡುವುದಕ್ಕೆ ಕಾರಣ ಸ್ಪಷ್ಟವಾಗಿದೆ. ದೇವರ ಕ್ಷಮೆಯು ಸುತ್ತಿಗೆ ಇನ್ನೂ ಕೈಯಲ್ಲಿರುವವನನ್ನೇ ಮುಟ್ಟಿತೆಂದು ಅದು ಸಾರುತ್ತದೆ.

ಯುದ್ಧಸ್ಮಾರಕಗಳ ಮೇಲೆ ಬಹಳವಾಗಿ ಕೆತ್ತಲಾಗಿರುವ ಬೈಬಲಿನ ಮಾತುಗಳಲ್ಲಿ ಒಂದು ಯೋಹಾನನ ಸುವಾರ್ತೆಯ 15ನೆಯ ಅಧ್ಯಾಯದ್ದು. ಸ್ನೇಹಿತರಿಗಾಗಿ ಪ್ರಾಣ ಕೊಡುವುದಕ್ಕಿಂತ ಮಿಗಿಲಾದ ಪ್ರೀತಿ ಇಲ್ಲವೆಂಬುದು ಅದರ ಅರ್ಥ. ಇದನ್ನು ಸೈನಿಕನ ಬಲಿದಾನದ ವರ್ಣನೆಯೆಂದು ಓದುವುದು ರೂಢಿಯಾಗಿದ್ದರೂ ಮೂಲದ ಸಂದರ್ಭವು ಬೇರೆಯಾಗಿದೆ. ಮಾತಾಡುತ್ತಿರುವವನು ಮರುದಿನ ಶಿಲುಬೆಗೇರಲಿರುವ ಯೇಸು. ಕೇಳುತ್ತಿರುವವರು ಕಡೆಯ ಊಟದ ರಾತ್ರಿ ಅವನೊಡನೆ ಇದ್ದು, ಕೆಲವೇ ಗಂಟೆಗಳಲ್ಲಿ ಅವನನ್ನು ಬಿಟ್ಟು ಓಡಿಹೋಗಲಿರುವ ಶಿಷ್ಯರು. ಹೀಗಾಗಿ ಆ ಮಾತು ಮೊದಲಿಗೆ ವೀರರ ಹೊಗಳಿಕೆಯಲ್ಲ, ವೀರರಾಗಲಾರದವರಿಗೆ ಕೊಟ್ಟ ಮುಂಗಡ ವಾಗ್ದಾನ. ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ಇದನ್ನೇ ಇನ್ನಷ್ಟು ಬಿಡಿಸಿ, ಮನುಷ್ಯರು ಇನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತನು ಅವರಿಗಾಗಿ ಸತ್ತನೆಂದು ವಾದಿಸುತ್ತಾನೆ. 8ನೆಯ ಅಧ್ಯಾಯದಲ್ಲಿ ಮರಣವಾಗಲಿ, ಜೀವವಾಗಲಿ, ಯಾವ ಶಕ್ತಿಯಾಗಲಿ ಆ ಪ್ರೀತಿಯಿಂದ ಬೇರ್ಪಡಿಸಲಾರದೆಂದು ಮುಗಿಸುತ್ತಾನೆ. ಗ್ರೀಕ್ ಮೂಲದಲ್ಲಿ ಈ ಪ್ರೀತಿಗೆ ಬಳಕೆಯಾದ ಪದ ಅಗಾಪೆ. ಎದುರಿನವನ ಯೋಗ್ಯತೆಯನ್ನು ಅಳೆಯದೆ ತನ್ನನ್ನೇ ಕೊಟ್ಟುಕೊಳ್ಳುವ ಪ್ರೀತಿಯನ್ನು ಕ್ರೈಸ್ತ ಪರಂಪರೆ ಆ ಹೆಸರಿನಿಂದ ಗುರುತಿಸುತ್ತದೆ.

ಆದಿಸಭೆಯ ಸಂಕೋಚ, ಮಧ್ಯಯುಗದ ಪ್ರಾಯಶ್ಚಿತ್ತ

ಮೊದಲ ಮೂರು ಶತಮಾನಗಳ ಕ್ರೈಸ್ತ ಸಭೆಗೆ ಸೈನಿಕ ವೃತ್ತಿಯ ಬಗ್ಗೆ ಆಳವಾದ ಸಂಕೋಚವಿತ್ತು. ಉತ್ತರ ಆಫ್ರಿಕದ ಲೇಖಕ ತೆರ್ತುಲ್ಲಿಯನ್ 3ನೆಯ ಶತಮಾನದ ಆರಂಭದಲ್ಲಿ, ಚಕ್ರವರ್ತಿಯ ಮೇಲಿನ ಆಣೆಯೂ ಕ್ರಿಸ್ತನಿಗೆ ಕೊಟ್ಟ ಮಾತೂ ಒಂದೇ ಬಾಯಲ್ಲಿ ಕೂಡಿರಲಾರವೆಂದು ವಾದಿಸಿದನು. 295ರಲ್ಲಿ ಅದೇ ಪ್ರಾಂತದ ಮ್ಯಾಕ್ಸಿಮಿಲಿಯನ್ ಎಂಬ ತರುಣನು ಸೈನ್ಯಕ್ಕೆ ಸೇರಲು ಒಪ್ಪದೆ ಮರಣದಂಡನೆಗೆ ಗುರಿಯಾದನು. ಕಾನ್‌ಸ್ಟಂಟೈನ್ ಚಕ್ರವರ್ತಿಯು ಕ್ರೈಸ್ತರಿಗೆ ರಕ್ಷಣೆ ಕೊಟ್ಟ ಮೇಲೆ ಪರಿಸ್ಥಿತಿ ಬದಲಾಯಿತು. ಆಫ್ರಿಕದಲ್ಲಿ ರೋಮನ್ ಸೇನಾಧಿಕಾರಿಯಾಗಿದ್ದ ಬೋನಿಫೇಸನಿಗೆ ಸುಮಾರು 418ರಲ್ಲಿ ಬರೆದ ಪತ್ರದಲ್ಲಿ ಅಗಸ್ಟೀನನು, ಆಯುಧ ಹಿಡಿದವನು ದೇವರಿಗೆ ಮೆಚ್ಚುಗೆಯಾಗಲಾರನೆಂದು ಭಾವಿಸಬಾರದೆಂದೂ, ದಾವೀದನನ್ನೂ ಶತಾಧಿಪತಿಯನ್ನೂ ಕೊರ್ನೇಲ್ಯನನ್ನೂ ನೆನೆಯಬೇಕೆಂದೂ, ಶಾಂತಿಗಾಗಿ ಮಾತ್ರ ಯುದ್ಧವೆಂಬುದನ್ನು ಮರೆಯದೆ ಸೋತವರಿಗೆ ದಯೆ ತೋರಬೇಕೆಂದೂ ತಿಳಿಸಿದನು. ಸೈನಿಕನೊಬ್ಬನ ಮನಸ್ಸಿನ ಅಳುಕನ್ನು ಉದ್ದೇಶಿಸಿ ಬರೆದ ಹಳೆಯ ಸಾಂತ್ವನ ಪತ್ರಗಳಲ್ಲಿ ಇದು ಮುಖ್ಯವಾದುದು.

ಮಧ್ಯಯುಗದ ಸಭೆಯು ಯುದ್ಧವನ್ನು ಒಪ್ಪಿಕೊಂಡಿತಾದರೂ ಕೊಂದವನ ಮನಸ್ಸಿನ ಭಾರವನ್ನು ಅಲ್ಲಗಳೆಯಲಿಲ್ಲ ಎಂಬುದಕ್ಕೆ ಒಂದು ಗಮನಾರ್ಹ ದಾಖಲೆ ಇದೆ. 1066ರ ಹೇಸ್ಟಿಂಗ್ಸ್ ಕದನದಲ್ಲಿ ಗೆದ್ದ ನಾರ್ಮನ್ ಸೈನಿಕರಿಗೆ ಅವರ ಬಿಷಪ್ಪರೇ ಕೆಲವು ವರ್ಷಗಳೊಳಗೆ ಪ್ರಾಯಶ್ಚಿತ್ತವನ್ನು ವಿಧಿಸಿದರು: ತಾನು ಕೊಂದ ಪ್ರತಿಯೊಬ್ಬನಿಗೂ ಒಂದು ವರ್ಷ, ಹೊಡೆದವನು ಸತ್ತನೋ ಇಲ್ಲವೋ ತಿಳಿಯದಿದ್ದರೆ ತಲೆಗೆ 40 ದಿನ, ಎಷ್ಟು ಮಂದಿಯನ್ನು ಕೊಂದೆನೆಂಬ ಲೆಕ್ಕವೇ ಇಲ್ಲದವನಿಗೆ ಬದುಕಿರುವಷ್ಟು ಕಾಲ ವಾರಕ್ಕೊಂದು ದಿನ. ಗೆದ್ದ ಪಕ್ಷದವರಿಗೇ ವಿಧಿಸಿದ ಈ ನಿಯಮವನ್ನು ಶಿಕ್ಷೆಯೆಂದಷ್ಟೇ ಓದಿದರೆ ಅದರ ಕರುಣೆ ಕಾಣುವುದಿಲ್ಲ. ರಣರಂಗದಿಂದ ಮನೆಗೂ ಸಭೆಗೂ ಮರಳಿ ಬರಲು ಅದು ಹಾಕಿಕೊಟ್ಟ ಮೆಟ್ಟಿಲಾಗಿತ್ತು. ಇದಾದ ಒಂದು ತಲೆಮಾರಿನಲ್ಲೇ, 1095ರಲ್ಲಿ, ಕ್ಲೆರ್ಮಾಂಟ್ ಸಭೆಯಲ್ಲಿ ಪೋಪ್ ಎರಡನೆಯ ಅರ್ಬನ್, ಭಕ್ತಿಯಿಂದ ಜೆರೂಸಲೇಮಿನ ದಂಡಯಾತ್ರೆಗೆ ಹೋಗುವುದೇ ಎಲ್ಲ ಪ್ರಾಯಶ್ಚಿತ್ತಕ್ಕೂ ಸಮವೆಂದು ಘೋಷಿಸಿದಾಗ ದಿಕ್ಕು ಪಲ್ಲಟಗೊಂಡಿತು. ಯುದ್ಧಕ್ಕಾಗಿ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಿದ್ದ ಲೋಕದಲ್ಲಿ ಯುದ್ಧವೇ ಪ್ರಾಯಶ್ಚಿತ್ತವಾಯಿತು.

ಕ್ರೈಸ್ತ ಸಭೆಯ ಸುಧಾರಣೆಯ ಕಾಲದಲ್ಲಿ ಮಾರ್ಟಿನ್ ಲೂಥರನ ಮುಂದೆ ಈ ಪ್ರಶ್ನೆಯನ್ನು ಇಟ್ಟವನು ಆಸ್ಸಾ ಫಾನ್ ಕ್ರಾಮ್ ಎಂಬ ಯೋಧ. ಸೈನಿಕರಿಗೂ ಮುಕ್ತಿ ಇದೆಯೇ ಎಂಬ ಅವನ ಅಳುಕಿಗೆ ಲೂಥರನು 1526ರಲ್ಲಿ ಒಂದು ಪುಸ್ತಿಕೆಯನ್ನೇ ಬರೆದು ಉತ್ತರಿಸಿದನು. ಸೈನಿಕ ಕಾರ್ಯವು ನ್ಯಾಯವಾದ ಹೊಣೆಯಾಗಬಹುದು, ಆದರೆ ಅದರಿಂದ ಯಾರಿಗೂ ಮುಕ್ತಿ ದೊರೆಯದು, ಮುಕ್ತಿಯು ಕ್ರಿಸ್ತನ ಕೃಪೆಯಿಂದ ಮಾತ್ರ ಎಂಬುದು ಅವನ ನಿಲುವು. ಒಡೆಯನ ಪಕ್ಷವು ಅನ್ಯಾಯದ್ದೆಂದು ಖಚಿತವಾಗಿ ತಿಳಿದರೆ ಯುದ್ಧಕ್ಕೆ ಹೋಗಬಾರದೆಂದೂ ಅವನು ಹೇಳಿದನು. ಅನ್ನದ ಋಣಕ್ಕಿಂತ ದೇವರ ಭಯ ದೊಡ್ಡದೆಂಬ ಈ ಮಾತು, ಸಾಂತ್ವನದ ಜೊತೆಯಲ್ಲೇ ವಿವೇಕವನ್ನು ಎಚ್ಚರವಾಗಿಟ್ಟಿತು.

ಸೇನಾ ಪಾದ್ರಿ ಎಂಬ ಹುದ್ದೆ

ಈ ಸಾಂತ್ವನವನ್ನು ಸೈನಿಕನಿದ್ದಲ್ಲಿಗೆ ಹೊತ್ತೊಯ್ಯುವ ಕೆಲಸ ಸೇನಾ ಪಾದ್ರಿಯದು. ಅವನನ್ನು ಕರೆಯುವ ಚಾಪ್ಲಿನ್ ಎಂಬ ಹೆಸರಿನ ಹಿಂದೆಯೂ ಒಬ್ಬ ಸೈನಿಕನಿದ್ದಾನೆ. 4ನೆಯ ಶತಮಾನದ ರೋಮನ್ ಯೋಧನಾಗಿದ್ದ ಟೂರ್ಸಿನ ಮಾರ್ಟಿನ್, ಆಮಿಯೆನ್ ಪಟ್ಟಣದ ಬಾಗಿಲಲ್ಲಿ ಚಳಿಯಿಂದ ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ಮೇಲುಹೊದಿಕೆಯನ್ನು ಕತ್ತಿಯಿಂದ ಸೀಳಿ ಅರ್ಧ ಕೊಟ್ಟನೆಂಬುದು ಪ್ರಸಿದ್ಧ ಕಥೆ. ಆ ಹೊದಿಕೆಯನ್ನು ಪವಿತ್ರ ಅವಶೇಷವಾಗಿ ಕಾಪಾಡಿಕೊಂಡ ಫ್ರಾಂಕ್ ಅರಸರು ಅದನ್ನು ಯುದ್ಧಕ್ಕೂ ಒಯ್ಯುತ್ತಿದ್ದರು. ಕಿರುಹೊದಿಕೆಗೆ ಲ್ಯಾಟಿನ್ನಿನಲ್ಲಿದ್ದ ಕಪೆಲ್ಲ ಎಂಬ ಪದದಿಂದ ಅದನ್ನು ಕಾಯುವ ಪಾದ್ರಿಗೆ ಕಪೆಲ್ಲಾನುಸ್ ಎಂಬ ಹೆಸರು ಬಂದು, ಮುಂದೆ ಚಾಪ್ಲಿನ್ ಮತ್ತು ಚಾಪೆಲ್ ಎಂಬ ಪದಗಳು ಹುಟ್ಟಿದವು. 742ರಲ್ಲಿ ಫ್ರಾಂಕ್ ರಾಜ್ಯದಲ್ಲಿ ಸೇರಿದ ಧರ್ಮಸಭೆಯು, ಪಾದ್ರಿಗಳು ಆಯುಧ ಹಿಡಿಯಬಾರದೆಂದು ವಿಧಿಸಿ, ಪೂಜೆ ನಡೆಸಲೂ ಪಾಪನಿವೇದನೆಯನ್ನು ಕೇಳಲೂ ಕೆಲವರು ಸೈನ್ಯದ ಜೊತೆ ಹೋಗಬಹುದೆಂದು ಗೊತ್ತುಮಾಡಿತು.

ಆಧುನಿಕ ಸೇನೆಗಳಲ್ಲಿ ಈ ಹುದ್ದೆ 18ನೆಯ ಶತಮಾನದಲ್ಲಿ ಕಟ್ಟುಪಾಡಿಗೆ ಬಂದಿತು. ಅಮೆರಿಕದ ಸ್ವಾತಂತ್ರ್ಯ ಹೋರಾಟದ ಸೇನೆಯಲ್ಲಿ 1775ರಲ್ಲಿಯೂ ಬ್ರಿಟಿಷ್ ಸೇನೆಯಲ್ಲಿ 1796ರಲ್ಲಿಯೂ ಪಾದ್ರಿಗಳ ಪ್ರತ್ಯೇಕ ವ್ಯವಸ್ಥೆ ರೂಪುಗೊಂಡಿತು. 1864ರ ಜಿನೀವಾ ಒಪ್ಪಂದವು ಗಾಯಾಳುಗಳ ಶುಶ್ರೂಷೆ ಮಾಡುವವರ ಜೊತೆಗೆ ಸೇನಾ ಪಾದ್ರಿಗಳನ್ನೂ ತಟಸ್ಥರೆಂದು ಪರಿಗಣಿಸಿ ರಕ್ಷಣೆ ಒದಗಿಸಿತು. ಆಯುಧವಿಲ್ಲದೆ ಆಯುಧಧಾರಿಗಳ ನಡುವೆ ಇರುವುದು, ಸತ್ತವರನ್ನು ಮಣ್ಣು ಮಾಡುವುದು, ಮನೆಯವರಿಗೆ ಪತ್ರ ಬರೆಯುವುದು, ರೊಟ್ಟಿ ಮತ್ತು ದ್ರಾಕ್ಷಾರಸದ ಮೂಲಕ ಕ್ರಿಸ್ತನ ಬಲಿಯನ್ನು ಸ್ಮರಿಸುವ ಪ್ರಭುಭೋಜನವನ್ನು ನಡೆಸುವುದು, ಸಾಯುವ ಹೊತ್ತಿನಲ್ಲಿ ಪಾಪಕ್ಷಮೆಯ ಮಾತನ್ನು ನುಡಿಯುವುದು ಇವು ಅವರ ಕೆಲಸ. ಒಬ್ಬೊಬ್ಬರ ನಿವೇದನೆಯನ್ನು ಕೇಳಲು ಸಮಯವಿಲ್ಲದಾಗ ಎಲ್ಲರಿಗೂ ಒಟ್ಟಾಗಿ ಕ್ಷಮೆ ಸಾರುವ ಕ್ರಮವೂ ಕ್ಯಾಥೊಲಿಕ್ ಸಭೆಯಲ್ಲಿದ್ದು, ಅಮೆರಿಕದ ಅಂತರ್ಯುದ್ಧದಲ್ಲಿ 1863ರ ಜುಲೈ 2ರಂದು ಗೆಟಿಸ್‌ಬರ್ಗಿನಲ್ಲಿ ಫಾದರ್ ವಿಲಿಯಂ ಕಾರ್ಬಿ ಕದನಕ್ಕೆ ಹೊರಟಿದ್ದ ಐರಿಷ್ ದಳಕ್ಕೆ ಹೀಗೆ ಕ್ಷಮೆ ನುಡಿದ ಪ್ರಸಂಗ ಹೆಸರಾಗಿದೆ.

ಮೊದಲ ಮಹಾಯುದ್ಧ: ನೋಯುವ ದೇವರು

1914ರಿಂದ 1918ರವರೆಗಿನ ಯುದ್ಧವು ಈ ಸಾಂತ್ವನವನ್ನು ಅದರ ಅತ್ಯಂತ ಕಠಿಣ ಪರೀಕ್ಷೆಗೆ ಒಡ್ಡಿತು. ಎರಡೂ ಪಕ್ಷದವರು ಅದೇ ದೇವರಿಗೆ ಮೊರೆಯಿಡುತ್ತಿದ್ದರು. ಜರ್ಮನ್ ಸೈನಿಕರ ಸೊಂಟಪಟ್ಟಿಯ ಬಕಲ್ ಮೇಲೆ ದೇವರು ತಮ್ಮೊಡನಿದ್ದಾನೆಂಬ ಬರಹವಿದ್ದರೆ, ಇಂಗ್ಲೆಂಡಿನ ಬಿಷಪ್ಪರು ತಮ್ಮದೇ ಧರ್ಮಯುದ್ಧವೆಂದು ಸಾರುತ್ತಿದ್ದರು. 1914ರ ಕ್ರಿಸ್‌ಮಸ್ ಹೊತ್ತಿಗೆ ಇಂಗ್ಲೆಂಡಿನಲ್ಲಿ ಬಹಳ ಜನಪ್ರಿಯವಾದ ಜೇಮ್ಸ್ ಕ್ಲಾರ್ಕನ ‘ಮಹಾಬಲಿ’ ಎಂಬ ಚಿತ್ರದಲ್ಲಿ ಸತ್ತು ಬಿದ್ದ ಎಳೆಯ ಸೈನಿಕನು ಶಿಲುಬೆಯ ಕೆಳಗೆ ಮಲಗಿದ್ದಾನೆ. ಮಗನನ್ನು ಕಳೆದುಕೊಂಡ ಮನೆಗಳಿಗೆ ಅದು ಕೊಟ್ಟ ಸಮಾಧಾನವನ್ನು ಕಡೆಗಣಿಸುವಂತಿಲ್ಲ; ಕ್ರಿಸ್ತನು ಅವನ ಪಕ್ಕದಲ್ಲಿದ್ದಾನೆಂಬ ಭಾವ ಅಲ್ಲಿದೆ. ಆದರೆ ಆ ಇಬ್ಬರ ಸಾವನ್ನೂ ಒಂದೇ ಬಲಿಯ ಎರಡು ರೂಪಗಳೆಂದು ನೋಡತೊಡಗಿದಾಗ, ಸೈನಿಕನು ತನ್ನ ಮರಣದಿಂದಲೇ ಪಾವನನಾದನೆಂಬ ಜೋಳವಾಳಿಯ ತರ್ಕವೇ ಬೇರೆ ವೇಷದಲ್ಲಿ ಮರಳಿ ಬರುತ್ತದೆ.

ಕಂದಕಗಳಲ್ಲಿದ್ದ ಪಾದ್ರಿಗಳಿಗೆ ಬೇರೆ ಮಾತು ಬೇಕಾಯಿತು. ವೂಸ್ಟರಿನ ಬಡವರ ಕೇರಿಯಿಂದ ಬಂದ ಜೆಫ್ರಿ ಸ್ಟಡರ್ಟ್ ಕೆನಡಿಯವರು, ರುವಾನ್ ರೈಲು ನಿಲ್ದಾಣದಲ್ಲಿ ಯುದ್ಧಭೂಮಿಗೆ ಹೊರಟ ಸೈನಿಕರಿಗೆ ವುಡ್‌ಬೈನ್ ಸಿಗರೇಟನ್ನೂ ಹೊಸ ಒಡಂಬಡಿಕೆಯ ಪ್ರತಿಯನ್ನೂ ಹಂಚುತ್ತಿದ್ದುದರಿಂದ ವುಡ್‌ಬೈನ್ ವಿಲಿ ಎಂದು ಹೆಸರಾದರು. 1917ರಲ್ಲಿ ಮೆಸ್ಸೀನ್ ಕದನದಲ್ಲಿ ಗುಂಡಿನ ಮಳೆಯ ನಡುವೆ ಗಾಯಾಳುಗಳನ್ನು ನೋಡಿಕೊಂಡದ್ದಕ್ಕಾಗಿ ಅವರಿಗೆ ಮಿಲಿಟರಿ ಕ್ರಾಸ್ ಪದಕ ದೊರೆಯಿತು. ದೇವರು ಸುಖದುಃಖಗಳಿಗೆ ಅತೀತನು, ಅವನಿಗೆ ನೋವು ತಟ್ಟದು ಎಂಬುದು ಕ್ರೈಸ್ತ ತತ್ತ್ವಶಾಸ್ತ್ರದ ಹಳೆಯ ಸಿದ್ಧಾಂತ. 1918ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಕೆನಡಿಯವರು ಇದನ್ನು ಪ್ರಶ್ನಿಸಿ, ಸಿಂಹಾಸನದ ಮೇಲೆ ಕುಳಿತು ಕದನವನ್ನು ನೋಡುವ ದೇವರನ್ನು ತಾವು ಒಪ್ಪಲಾರೆವೆಂದೂ, ಶಿಲುಬೆಯಲ್ಲಿ ಕಂಡ ದೇವರು ಇಂದಿಗೂ ಮನುಷ್ಯರೊಡನೆ ನೋಯುತ್ತಿದ್ದಾನೆಂದೂ ವಾದಿಸಿದರು. ಯುದ್ಧ ಮುಗಿದ ಮೇಲೆ ಅವರು ಯುದ್ಧವನ್ನು ಕಟುವಾಗಿ ಖಂಡಿಸುತ್ತ, ಕಾರ್ಮಿಕರ ನಡುವೆ ದುಡಿದು 1929ರಲ್ಲಿ ತೀರಿಕೊಂಡರು.

ಬೆಲ್ಜಿಯಂನ ಪೋಪರಿಂಗೆ ಪಟ್ಟಣದಲ್ಲಿ 1915ರ ಡಿಸೆಂಬರಿನಲ್ಲಿ ಫಿಲಿಪ್ ಕ್ಲೇಟನ್ ಎಂಬ ಪಾದ್ರಿ ತೆರೆದ ಟಾಲ್ಬಟ್ ಹೌಸ್ ಇನ್ನೊಂದು ಬಗೆಯ ಉತ್ತರವಾಗಿತ್ತು. ಹೂಗೆ ಎಂಬಲ್ಲಿ ಮಡಿದ ಗಿಲ್ಬರ್ಟ್ ಟಾಲ್ಬಟ್ ಎಂಬ ಯುವ ಅಧಿಕಾರಿಯ ಹೆಸರು ಹೊತ್ತ ಆ ಮನೆಯಲ್ಲಿ ಅಧಿಕಾರಿಗೂ ಸಾಮಾನ್ಯ ಸಿಪಾಯಿಗೂ ಭೇದವಿರಲಿಲ್ಲ. ಚಹಾ, ಪುಸ್ತಕ, ಹಾಡು, ತೋಟ ಎಲ್ಲವೂ ಇದ್ದವು. ಮನೆಯ ಮಾಳಿಗೆಯಲ್ಲಿ ಬಡಗಿಯ ಮೇಜನ್ನೇ ವೇದಿಯಾಗಿ ಇಟ್ಟುಕೊಂಡ ಪ್ರಾರ್ಥನಾ ಕೊಠಡಿಯಲ್ಲಿ ಸಾವಿರಾರು ಮಂದಿ ಕಂದಕಕ್ಕೆ ಮರಳುವ ಮುನ್ನ ಪ್ರಭುಭೋಜನ ಪಡೆದರು. ಯೇಸು ಕಡೆಯ ಊಟವನ್ನು ನಡೆಸಿದ್ದು ಮೇಲಂತಸ್ತಿನ ಕೊಠಡಿಯಲ್ಲಿ ಎಂಬುದನ್ನು ನೆನೆದರೆ, ಸ್ನೇಹಿತರಿಗಾಗಿ ಪ್ರಾಣ ಕೊಡುವ ಮಾತು ಅದರ ಮೂಲ ಸಂದರ್ಭಕ್ಕೆ, ಅಂದರೆ ಭಯಗೊಂಡವರು ಉಣ್ಣುವ ಮೇಜಿಗೆ, ಅಲ್ಲಿ ಮರಳಿ ಬಂದಂತಾಯಿತು ಎನ್ನಬಹುದು.

ಮುಳುಗಿದ ಹಡಗು, ಸೆರೆಯ ಶಿಬಿರ

ಎರಡನೆಯ ಮಹಾಯುದ್ಧದಲ್ಲಿ ಈ ಬೋಧನೆಗೆ ಬದುಕಿನ ಸಾಕ್ಷ್ಯವಾಗಿ ನಿಂತ ಘಟನೆ 1943ರ ಫೆಬ್ರವರಿ 3ರಂದು ನಡೆಯಿತು. ಗ್ರೀನ್‌ಲ್ಯಾಂಡಿನತ್ತ ಹೊರಟಿದ್ದ ಡಾರ್ಚೆಸ್ಟರ್ ಎಂಬ ಅಮೆರಿಕದ ಸೈನಿಕ ಹಡಗು ಜರ್ಮನ್ ಜಲಾಂತರ್ಗಾಮಿಯ ದಾಳಿಗೆ ತುತ್ತಾಗಿ, ಅದರಲ್ಲಿದ್ದ 902 ಮಂದಿಯಲ್ಲಿ 672 ಮಂದಿ ಮಡಿದರು. ಮೆಥಡಿಸ್ಟ್ ಪಾದ್ರಿ ಜಾರ್ಜ್ ಫಾಕ್ಸ್, ರಿಫಾರ್ಮ್ಡ್ ಸಭೆಯ ಕ್ಲಾರ್ಕ್ ಪೋಲಿಂಗ್, ಕ್ಯಾಥೊಲಿಕ್ ಗುರು ಜಾನ್ ವಾಷಿಂಗ್ಟನ್ ಮತ್ತು ಯೆಹೂದ್ಯ ಗುರು ಅಲೆಕ್ಸಾಂಡರ್ ಗೂಡ್ ಎಂಬ ನಾಲ್ವರು ತಮ್ಮ ಜೀವರಕ್ಷಕ ಅಂಗಿಗಳನ್ನು ಬಿಚ್ಚಿ ಇತರರಿಗೆ ಕೊಟ್ಟು, ತೋಳಿಗೆ ತೋಳು ಸೇರಿಸಿ ಪ್ರಾರ್ಥಿಸುತ್ತ ಹಡಗಿನೊಡನೆ ಮುಳುಗಿದುದನ್ನು ಬದುಕುಳಿದವರು ಕಂಡು ಹೇಳಿದರು. ಅಂಗಿಯನ್ನು ಯಾವ ಧರ್ಮದವನಿಗೆ ಕೊಡಬೇಕೆಂದು ಅವರು ಕೇಳಲಿಲ್ಲ. ಆ ನಾಲ್ವರಲ್ಲಿ ಒಬ್ಬರು ಕ್ರೈಸ್ತರಲ್ಲ ಎಂಬುದು, ಆತ್ಮಾರ್ಪಣೆಯ ಪ್ರೀತಿಯನ್ನು ತಮ್ಮ ಸಭೆಯ ಸೊತ್ತೆಂದು ಭಾವಿಸುವವರಿಗೆ ಅಳಿಯದ ಪಾಠವಾಗಿದೆ.

ಆಯುಧ ಮುಟ್ಟದೆಯೇ ಸೈನ್ಯದಲ್ಲಿದ್ದವರ ಸಾಲಿನಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯ ಡೆಸ್ಮಂಡ್ ಡಾಸ್ ಎದ್ದು ಕಾಣುತ್ತಾನೆ. ಬಂದೂಕು ಹಿಡಿಯಲು ಒಪ್ಪದೆ ಗಾಯಾಳುಗಳ ಶುಶ್ರೂಷಕನಾಗಿ ಸೇರಿದ ಅವನು 1945ರಲ್ಲಿ ಓಕಿನಾವದ ಕಡಿದಾದ ಬಂಡೆಯ ಮೇಲಿಂದ ಸುಮಾರು 75 ಮಂದಿಯನ್ನು ಹಗ್ಗದಲ್ಲಿ ಇಳಿಸಿ ಉಳಿಸಿದನು. ಕೊರಿಯಾ ಯುದ್ಧದಲ್ಲಿ ಕ್ಯಾಥೊಲಿಕ್ ಪಾದ್ರಿ ಎಮಿಲ್ ಕಪೌನ್ 1950ರ ನವೆಂಬರಿನಲ್ಲಿ ತಪ್ಪಿಸಿಕೊಳ್ಳುವ ಅವಕಾಶವಿದ್ದರೂ ಗಾಯಾಳುಗಳೊಡನೆ ಉಳಿದು ಸೆರೆಯಾದರು. ಶಿಬಿರದಲ್ಲಿ ಹಸಿದವರಿಗಾಗಿ ಆಹಾರವನ್ನು ಕದ್ದು ತಂದು, ರೋಗಿಗಳ ಬಟ್ಟೆ ಒಗೆದು, ಸಾಯುವವರ ಪಕ್ಕ ಕುಳಿತು, 1951ರ ಮೇ 23ರಂದು ಅಲ್ಲಿಯೇ ಕೊನೆಯುಸಿರೆಳೆದರು. 2013ರಲ್ಲಿ ಅಮೆರಿಕವು ಅವರಿಗೆ ತನ್ನ ಅತ್ಯುನ್ನತ ಶೌರ್ಯ ಪದಕವನ್ನು ಕೊಟ್ಟಿತು.

ಸೋತವರ ಕಡೆಯಿಂದ ಬಂದ ಸಾಕ್ಷ್ಯವೂ ಇಷ್ಟೇ ಬೆಲೆಯುಳ್ಳದ್ದು. ಹದಿಹರೆಯದಲ್ಲೇ ಜರ್ಮನ್ ಸೇನೆಗೆ ಎಳೆಯಲ್ಪಟ್ಟ ಯೂರ್ಗೆನ್ ಮೋಲ್ಟ್‌ಮನ್, 1943ರಲ್ಲಿ ಹ್ಯಾಂಬರ್ಗ್ ನಗರದ ಮೇಲೆ ಬಾಂಬುಗಳು ಸುರಿದಾಗ ಪಕ್ಕದಲ್ಲಿದ್ದ ಗೆಳೆಯನ ಸಾವನ್ನು ಕಂಡರು. 1945ರಲ್ಲಿ ಬ್ರಿಟಿಷರ ಸೆರೆಯಾಗಿ ಸ್ಕಾಟ್ಲೆಂಡಿನ ಶಿಬಿರವೊಂದಕ್ಕೆ ಬಂದಾಗ, ಜರ್ಮನರು ನಡೆಸಿದ ಸಾಮೂಹಿಕ ಕೊಲೆಗಳ ಚಿತ್ರಗಳನ್ನು ಅಲ್ಲಿ ನೋಡಿ ನಾಚಿಕೆಯಲ್ಲಿ ಕುಸಿದರು. ಸೇನಾ ಪಾದ್ರಿಯೊಬ್ಬರು ಕೊಟ್ಟ ಬೈಬಲಿನಲ್ಲಿ, ದೇವರು ತನ್ನನ್ನು ಕೈಬಿಟ್ಟನೇಕೆಂದು ಶಿಲುಬೆಯ ಮೇಲಿನಿಂದ ಯೇಸು ಕೂಗಿದ ಭಾಗವನ್ನು ಓದಿ, ತಮ್ಮನ್ನು ಅರ್ಥ ಮಾಡಿಕೊಂಡವನೊಬ್ಬನು ಇಲ್ಲಿದ್ದಾನೆಂದು ಅವರಿಗೆ ಅನಿಸಿತು. ಆ ಅನುಭವದಿಂದ ಬೆಳೆದ ಅವರ ಚಿಂತನೆ 1972ರಲ್ಲಿ ‘ಶಿಲುಬೆಗೇರಿದ ದೇವರು’ ಎಂಬ ಅರ್ಥದ ಹೆಸರಿನ ಗ್ರಂಥವಾಗಿ ಪ್ರಕಟಗೊಂಡು 20ನೆಯ ಶತಮಾನದ ದೇವತಾಶಾಸ್ತ್ರದ ಮುಖ್ಯ ಕೃತಿಗಳಲ್ಲಿ ಒಂದೆನಿಸಿತು. ದೇವರು ನೋಯುವನೆಂಬ ವಾದವನ್ನು ಒಪ್ಪದ ಪಂಡಿತರು ಇಂದಿಗೂ ಇದ್ದಾರೆ. ನೋವಿಗೆ ಸಿಲುಕಿದ ದೇವರು ನೋವಿನಿಂದ ಬಿಡಿಸಲು ಶಕ್ತನೇ ಎಂಬುದು ಅವರ ಪ್ರಶ್ನೆ. ಆದರೆ ಈ ವಾದದ ಎರಡು ಪ್ರಬಲ ರೂಪಗಳು ಪರಸ್ಪರ ವಿರುದ್ಧವಾಗಿ ಕಾದಾಡಿದ ಎರಡು ಸೇನೆಗಳ ಅನುಭವದಿಂದ ಹುಟ್ಟಿದವೆಂಬ ಸಂಗತಿಯು ದೇವರ ಪ್ರೀತಿಗೆ ಗಡಿರೇಖೆಯಿಲ್ಲವೆಂಬುದನ್ನು ವಾದಕ್ಕಿಂತ ಬಲವಾಗಿ ಹೇಳುತ್ತದೆ.

ನೈತಿಕ ಗಾಯ

ವಿಯೆಟ್ನಾಂ ಯುದ್ಧದಿಂದ ಮರಳಿದ ಅಮೆರಿಕನ್ ಸೈನಿಕರಿಗೆ ಚಿಕಿತ್ಸೆ ನೀಡಿದ ಮನೋವೈದ್ಯ ಜೊನಾಥನ್ ಶೇ 1994ರಲ್ಲಿ ಹೋಮರನ ಅಕಿಲೀಸನ ಕಥೆಯೊಡನೆ ಅವರ ಸಂಕಟವನ್ನು ಹೋಲಿಸಿ ಬರೆದ ಗ್ರಂಥದಿಂದ ನೈತಿಕ ಗಾಯವೆಂಬ ಪರಿಕಲ್ಪನೆ ಬೆಳಕಿಗೆ ಬಂದಿತು. 2009ರಲ್ಲಿ ಬ್ರೆಟ್ ಲಿಟ್ಜ್ ಮತ್ತು ಸಂಗಡಿಗರು, ತನ್ನ ಆಳವಾದ ನೈತಿಕ ನಂಬಿಕೆಗೆ ವಿರುದ್ಧವಾದುದನ್ನು ಮಾಡಿದಾಗ, ತಡೆಯಲಾಗದೆ ಹೋದಾಗ ಅಥವಾ ಕಣ್ಣಾರೆ ಕಂಡಾಗ ಉಳಿಯುವ ಬಾಳಿಕೆಯ ಗಾಯವೆಂದು ಅದನ್ನು ನಿರೂಪಿಸಿದರು. ಆಘಾತದ ನಂತರ ಕಾಡುವ ಭಯ, ಬೆಚ್ಚಿಬೀಳುವಿಕೆ ಮುಂತಾದವುಗಳಿಗಿಂತ ಇದು ಬೇರೆ. ಇಲ್ಲಿ ಸೈನಿಕನನ್ನು ತಿನ್ನುವುದು ತಪ್ಪಿತಸ್ಥ ಭಾವ ಮತ್ತು ನಾಚಿಕೆ.

ಕ್ರೈಸ್ತ ಸಾಂತ್ವನದ ವಿಶಿಷ್ಟತೆ ಇಲ್ಲಿಯೇ ಬೆಳಗುತ್ತದೆ. ನಿನ್ನದೇನೂ ತಪ್ಪಿಲ್ಲವೆಂಬ ಮಾತು ಇಂಥ ಗಾಯಕ್ಕೆ ಮದ್ದಾಗಲಾರದು, ಏಕೆಂದರೆ ಗಾಯಗೊಂಡವನೇ ಅದನ್ನು ನಂಬುವುದಿಲ್ಲ. ಶಿಲುಬೆಯ ಸಂದೇಶವು ಎರಡು ಮಾತುಗಳನ್ನು ಒಟ್ಟಿಗೆ ಹೇಳುತ್ತದೆ: ನಡೆದದ್ದು ಭಾರವಾದದ್ದೇ, ಅದನ್ನು ತೂಗಿ ನೋಡಿಯೇ ದೇವರು ನಿನ್ನನ್ನು ಪ್ರೀತಿಸಿದ್ದಾನೆ. ಆದುದರಿಂದ ಪಾಪನಿವೇದನೆ, ಗೋಳಾಟವನ್ನು ಮರೆಮಾಚದ ದಾವೀದನ ಕೀರ್ತನೆಗಳು, ಸತ್ತವರ ಹೆಸರು ಹೇಳಿ ಮಾಡುವ ಪ್ರಾರ್ಥನೆ ಇವುಗಳಿಗೆ ಸೇನಾ ಪಾದ್ರಿಗಳು ಹೊಸದಾಗಿ ಒತ್ತು ಕೊಡುತ್ತಿದ್ದಾರೆ. ಬರ್ನಾರ್ಡ್ ವರ್ಕಂಪ್ 1993ರಲ್ಲಿ ಪ್ರಕಟಿಸಿದ ಅಧ್ಯಯನವು ಯುದ್ಧದಿಂದ ಮರಳಿದವರಿಗೆ ಮಧ್ಯಯುಗದ ಸಭೆಯು ವಿಧಿಸುತ್ತಿದ್ದ ಪ್ರಾಯಶ್ಚಿತ್ತಗಳನ್ನು ಈ ದೃಷ್ಟಿಯಿಂದಲೇ ಮರುಪರಿಶೀಲಿಸಿತು. ಹೇಸ್ಟಿಂಗ್ಸಿನ ಸೈನಿಕನಿಗೆ ಹಾಕಿಕೊಟ್ಟ ಮೆಟ್ಟಿಲು ಸುಮಾರು ಸಾವಿರ ವರ್ಷಗಳ ಅನಂತರವೂ ಬೇಕಾದದ್ದೆಂಬ ಅರಿವು ಅದರಿಂದ ಗಟ್ಟಿಯಾಯಿತು. ವೈದ್ಯರ ಚಿಕಿತ್ಸೆಗೆ ಇವು ಬದಲಿಯಲ್ಲ, ಜೊತೆಗಾರಿಕೆ.

ಆಕ್ಷೇಪಗಳು

ಈ ಪರಂಪರೆಯ ಮೇಲಿನ ಅತ್ಯಂತ ಗಂಭೀರವಾದ ಆಕ್ಷೇಪವು ಕ್ರೈಸ್ತರ ಒಳಗಿನಿಂದಲೇ ಬಂದಿದೆ. 1527ರ ಷ್ಲೈಟ್‌ಹೈಮ್ ಒಡಂಬಡಿಕೆಯ ಕಾಲದಿಂದ ಖಡ್ಗವನ್ನು ನಿರಾಕರಿಸಿದ ಅನಬ್ಯಾಪ್ಟಿಸ್ಟರು, ಅವರ ವಾರಸುದಾರರಾದ ಮೆನೊನೈಟರು, 17ನೆಯ ಶತಮಾನದಿಂದ ಕ್ವೇಕರರು, ಸೈನಿಕನಿಗೆ ಹೇಳುವ ಸಾಂತ್ವನವು ಯುದ್ಧವನ್ನು ಮುಂದುವರಿಸುವ ಎಣ್ಣೆಯಾಗುತ್ತದೆಂದು ಎಚ್ಚರಿಸುತ್ತ ಬಂದಿದ್ದಾರೆ. ಸರಕಾರದ ಸಂಬಳ ಪಡೆದು ಸಮವಸ್ತ್ರ ತೊಟ್ಟ ಪಾದ್ರಿಯು ಅನ್ಯಾಯದ ಆಜ್ಞೆಯನ್ನು ಅನ್ಯಾಯವೆನ್ನುವನೇ ಎಂಬ ಅವರ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೂ ಯುದ್ಧ ತಪ್ಪೆಂದು ತೀರ್ಮಾನಿಸಿದ ಮಾತ್ರಕ್ಕೆ ಅದರಲ್ಲಿ ಸಿಲುಕಿದವನನ್ನು ಒಂಟಿಯಾಗಿ ಬಿಡುವುದು ಸರಿಯಾಗದು. ವೈದ್ಯನು ಗಾಯಕ್ಕೆ ಮದ್ದು ಹಚ್ಚುವಾಗ ಗುಂಡನ್ನು ಸಮರ್ಥಿಸುವುದಿಲ್ಲ. ಸಾಂತ್ವನವು ಲೂಥರನ ಎಚ್ಚರವನ್ನು, ಅಂದರೆ ಒಡೆಯನಿಗೂ ಮೇಲೊಬ್ಬನಿದ್ದಾನೆಂಬುದನ್ನು, ಮರೆಯದಿರುವವರೆಗೆ ಮಾತ್ರ ಈ ಉತ್ತರ ನಿಲ್ಲುತ್ತದೆ.

ಇನ್ನೊಂದು ಆಕ್ಷೇಪ ಅನೇಕ ಧರ್ಮದವರಿರುವ ಸೇನೆಗಳಿಗೆ ಸಂಬಂಧಿಸಿದ್ದು. ಮೇಲಧಿಕಾರಿಯ ಸ್ಥಾನವನ್ನಾಗಲಿ, ಗಾಯಗೊಂಡವನ ದೌರ್ಬಲ್ಯವನ್ನಾಗಲಿ ಮತಪ್ರಚಾರಕ್ಕೆ ಬಳಸಿಕೊಳ್ಳುವುದು, ಯೋಗ್ಯತೆ ಕೇಳದ ಪ್ರೀತಿಯ ಹೆಸರಿನಲ್ಲೇ ಬೆಲೆ ಕೇಳಿದಂತೆ. ಮಗನನ್ನು ಕಳೆದುಕೊಂಡ ತಾಯಿಗೆ ಅದು ದೇವರ ಇಚ್ಛೆಯಾಗಿತ್ತೆಂದು ಅವಸರದಲ್ಲಿ ಹೇಳುವುದೂ ಇದೇ ಜಾತಿಯ ತಪ್ಪು; ಸತ್ತ ಗೆಳೆಯ ಲಾಜರನ ಸಮಾಧಿಯ ಮುಂದೆ ಯೇಸು ಮೊದಲು ಅತ್ತನೆಂಬುದನ್ನು ಸುವಾರ್ತೆಯೇ ನೆನಪಿಸುತ್ತದೆ.

ಭಾರತದ ಸೇನೆಯಲ್ಲಿ, ಕನ್ನಡ ನೆಲದಲ್ಲಿ

ಭಾರತೀಯ ಸೇನೆಯು ಈ ಬಹುಧರ್ಮದ ಸಮಸ್ಯೆಗೆ ತನ್ನದೇ ಪರಿಹಾರವನ್ನು ಕಂಡುಕೊಂಡಿದೆ. ಪಂಡಿತ, ಗ್ರಂಥಿ, ಮೌಲವಿ, ಪಾದ್ರಿ, ಬೌದ್ಧ ಭಿಕ್ಷು ಎಲ್ಲರನ್ನೂ ಧರ್ಮಗುರುಗಳೆಂದು ಕಿರಿಯ ನಿಯೋಜಿತ ಅಧಿಕಾರಿಗಳ ದರ್ಜೆಯಲ್ಲಿ ನೇಮಿಸಿಕೊಳ್ಳಲಾಗುತ್ತದೆ. ಅನೇಕ ಠಾಣೆಗಳಲ್ಲಿ ಒಂದೇ ಸೂರಿನಡಿ ಎಲ್ಲರ ಪ್ರಾರ್ಥನೆಗೂ ಎಡೆಯಿರುವ ಸರ್ವಧರ್ಮ ಸ್ಥಳಗಳಿವೆ. ಕ್ರೈಸ್ತರು ಬಹುಸಂಖ್ಯಾತರಾಗಿರುವ ಈಶಾನ್ಯ ರಾಜ್ಯಗಳಿಂದ ಬಂದು 1999ರ ಕಾರ್ಗಿಲ್ ಯುದ್ಧದಲ್ಲಿ ಮಡಿದು ಮಹಾವೀರ ಚಕ್ರ ಪಡೆದ ಕ್ಯಾಪ್ಟನ್ ಕೀಷಿಂಗ್ ಕ್ಲಿಫರ್ಡ್ ನೋಂಗ್ರುಂ ಮತ್ತು ಕ್ಯಾಪ್ಟನ್ ನೈಕೆಝಾಕುವೊ ಕೆಂಗುರುಸೆಯವರಂಥವರ ಮನೆಗಳಿಗೆ ಈ ಸಾಂತ್ವನವು ಪುಸ್ತಕದ ವಿಷಯವಲ್ಲ. ಜನವರಿ 29ರ ಬೀಟಿಂಗ್ ರಿಟ್ರೀಟ್ ಸಮಾರಂಭದಲ್ಲಿ ಗಾಂಧೀಜಿಯವರ ಮೆಚ್ಚಿನ ‘ಅಬೈಡ್ ವಿತ್ ಮಿ’ ಕೀರ್ತನೆಯನ್ನು ಸೇನಾ ವಾದ್ಯಗಳು ದಶಕಗಳ ಕಾಲ ನುಡಿಸುತ್ತಿದ್ದವು. 2022ರಲ್ಲಿ ಅದನ್ನು ಕೈಬಿಡಲಾಯಿತು. ಹೆನ್ರಿ ಫ್ರಾನ್ಸಿಸ್ ಲೈಟ್ ತಮ್ಮ ಮರಣದ ವರ್ಷವಾದ 1847ರಲ್ಲಿ ಪೂರ್ಣಗೊಳಿಸಿದರೆನ್ನಲಾಗುವ ಆ ಕೀರ್ತನೆ ಗೆಲುವನ್ನು ಬೇಡುವುದಿಲ್ಲ, ಕತ್ತಲಾಗುವಾಗ ಜೊತೆಗಿರಬೇಕೆಂದು ಬೇಡುತ್ತದೆ.

ಕನ್ನಡ ನಾಡಿನಲ್ಲಿ ಕ್ರೈಸ್ತ ಸಭೆಯ ಇತಿಹಾಸವು ದಂಡಿನ ಇತಿಹಾಸದೊಡನೆ ಹೆಣೆದುಕೊಂಡಿದೆ. ಸೈನಿಕ ಠಾಣೆಯಾಗಿದ್ದ ಬಳ್ಳಾರಿಯಲ್ಲಿ 1810ರಲ್ಲಿ ನೆಲೆಸಿದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ಮೊದಲಿಗರಾದರು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಸೇಂಟ್ ಮಾರ್ಕ್ಸ್, ಹೋಲಿ ಟ್ರಿನಿಟಿ ಮುಂತಾದ ಚರ್ಚುಗಳು ಸೈನಿಕರಿಗಾಗಿಯೇ ಎದ್ದವು. ಟ್ರಿನಿಟಿ ಚರ್ಚಿನ ಗೋಡೆಗಳ ಮೇಲಿನ ಸ್ಮರಣ ಫಲಕಗಳು ದೂರದ ನೆಲದಲ್ಲಿ ಸತ್ತವರ ಹೆಸರುಗಳನ್ನು ಇಂದಿಗೂ ಹೇಳುತ್ತವೆ. ವೀರಗಲ್ಲಿನ ನಾಡಿನಲ್ಲಿ ನಿಂತ ಈ ಫಲಕಗಳಲ್ಲಿಯೂ ಶೌರ್ಯದ ಹೊಗಳಿಕೆ ಇದ್ದೇ ಇದೆ. ಆದರೆ ವೀರಗಲ್ಲಿನ ಮೇಲಿನ ಪಟ್ಟಿಕೆಯಲ್ಲಿ ವೀರನು ಗೆದ್ದ ಸ್ವರ್ಗವನ್ನು ಶಿಲ್ಪಿ ಕಡೆದಿದ್ದರೆ, ಚರ್ಚಿನ ಫಲಕ ನೋಡುತ್ತಿರುವ ದಿಕ್ಕಿನಲ್ಲಿ ಶಿಲುಬೆಯಿದೆ, ಪ್ರಭುಭೋಜನದ ಮೇಜಿದೆ. ಸತ್ತವನು ಏನು ಕೊಟ್ಟನೆಂಬುದನ್ನು ಗೋಡೆ ಹೇಳಿದರೆ, ಅವನಿಗಾಗಿ ಏನನ್ನು ಕೊಡಲಾಯಿತೆಂಬುದನ್ನು ಮೇಜು ಹೇಳುತ್ತದೆ.

ಒಟ್ಟು ಇತಿಹಾಸವನ್ನು ನೋಡಿದಾಗ, ಸೈನಿಕನ ತ್ಯಾಗವನ್ನು ಗೌರವಿಸುವುದಕ್ಕೂ ಅದನ್ನು ಮುಕ್ತಿಯ ಬೆಲೆಯಾಗಿಸುವುದಕ್ಕೂ ಇರುವ ಅಂತರವನ್ನು ಕಾಯ್ದುಕೊಳ್ಳುವುದರಲ್ಲಿಯೇ ಈ ಸಾಂತ್ವನದ ಜೀವವಿದೆ ಎಂಬುದು ಸ್ಪಷ್ಟವಾಗುತ್ತದೆ. ತ್ಯಾಗವೇ ಬೆಲೆಯಾದರೆ, ಹೆದರಿ ಓಡಿದವನಿಗೆ, ಗೆಳೆಯನನ್ನು ಉಳಿಸಲಾಗದೆ ತಾನು ಉಳಿದವನಿಗೆ, ಕೊಂದ ಮುಖವನ್ನು ಮರೆಯಲಾಗದವನಿಗೆ ಏನೂ ಉಳಿಯುವುದಿಲ್ಲ. ಸಾಂತ್ವನ ಹೆಚ್ಚು ಬೇಕಾದವರು ಅವರೇ. ಕಪೆರ್ನೌಮದ ಶತಾಧಿಪತಿಯು ತಾನು ಯೋಗ್ಯನಲ್ಲವೆಂದು ಹೇಳಿದ ಮಾತನ್ನು ಕ್ಯಾಥೊಲಿಕ್ ಸಭೆಯು ತನ್ನ ಪೂಜಾವಿಧಿಯಲ್ಲಿ ಸೇರಿಸಿಕೊಂಡಿದೆ. ಪವಿತ್ರ ಪ್ರಸಾದವನ್ನು ಸ್ವೀಕರಿಸುವ ಮುನ್ನ ಬಿಷಪ್ಪನಿಂದ ಹಿಡಿದು ಕೂಲಿಯವನವರೆಗೆ ಪ್ರತಿಯೊಬ್ಬನೂ ಆ ಸೈನಿಕನ ಮಾತನ್ನು ತನ್ನದಾಗಿಸಿಕೊಂಡು ನುಡಿಯಬೇಕು. ಯೋಗ್ಯತೆಯಿಲ್ಲದೆಯೂ ಪ್ರೀತಿಸಲ್ಪಡುವವರ ಸಾಲಿನಲ್ಲಿ ಸೈನಿಕನು ಎಲ್ಲರಿಗಿಂತ ಮುಂದೆ ನಿಂತಿದ್ದಾನೆ, ಉಳಿದವರೆಲ್ಲರೂ ಅವನ ಮಾತನ್ನೇ ಕಲಿತು ಅವನ ಹಿಂದೆ ಬರುತ್ತಿದ್ದಾರೆ.